ಗೋಪಿನಾಥಂನ ಗುಡಿಯೂ ಬರಿದಾದ ಸಮಾಧಿಯೂ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರಿನ ಕಡೆಗೆ ಇಳಿದು, ಅಲ್ಲಿಂದ ಕಾಡಿನ ಒಳದಾರಿಯನ್ನು ಹಿಡಿದು ಹೊಗೇನಕಲ್ಲಿನ ದಿಕ್ಕಿಗೆ ಸಾಗುವವನಿಗೆ, ಕನ್ನಡ ತಮಿಳುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಆ ಗಡಿಸೀಮೆಯಲ್ಲಿ, ಗೋಪಿನಾಥಂ ಎಂಬ ಹಳ್ಳಿ ಎದುರಾಗುತ್ತದೆ. ಲೋಕಕ್ಕೆ ಈ ಊರು ಗೊತ್ತಾದದ್ದು ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರೆಂದು. ಊರಿನವರು ತಾವಾಗಿ ಎದೆಗೊತ್ತಿಕೊಂಡು ಕಾಪಾಡಿಕೊಂಡು ಬಂದ ಹೆಸರು ಮಾತ್ರ ಬೇರೆ. ಅಲ್ಲಿನ ಮಾರಿಯಮ್ಮನ ಗುಡಿಯಲ್ಲಿ, ದೇವಿಗೆ ಹಚ್ಚಿದ ದೀಪದ ಬೆಳಕು ತಲುಪುವಷ್ಟು ಸನಿಹದಲ್ಲಿ, ಒಬ್ಬ ಅರಣ್ಯಾಧಿಕಾರಿಯ ಭಾವಚಿತ್ರವಿದೆ. ಆಂಧ್ರದ ರಾಜಮಹೇಂದ್ರಿಯಿಂದ ಬಂದ ಪಿ. ಶ್ರೀನಿವಾಸರು ಈ ಹಳ್ಳಿಯಲ್ಲಿ ಜನರ ನಡುವೆ ಬಾಳಿ, ಅವರ ಔಷಧೋಪಚಾರಕ್ಕೂ ಮನೆಗಳಿಗೂ ಏರ್ಪಾಟು ಮಾಡಿ, ಆ ಗುಡಿಯನ್ನೂ ಕಟ್ಟಿಸಿಕೊಟ್ಟವರು. ಕಾಡುಗಳ್ಳನೂ ಮನುಷ್ಯನೇ, ಮನುಷ್ಯನಾದವನು ಮರಳಿ ಬರಲೂಬಹುದೆಂದು ನಂಬಿ, ಶರಣಾಗತನಾಗುವೆನೆಂದು ಹೇಳಿಕಳುಹಿಸಿದವನನ್ನು ಕಾಣಲು ನಿರಾಯುಧರಾಗಿ ಹೋದವರು. 1991ರ ನವೆಂಬರ್ 10ರಂದು ಅವರನ್ನು ಕೊಂದು ಶಿರಚ್ಛೇದ ಮಾಡಲಾಯಿತು. ಸರ್ಕಾರ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತಿತು. ಊರು ಗುಡಿಯಲ್ಲಿ ಎಡೆಯನ್ನಿತ್ತಿತು.

ಸತ್ತವನ ಚಿತ್ರವನ್ನು ದೇವಿಯ ಮಗ್ಗುಲಲ್ಲಿರಿಸಿ ಹೂವೇರಿಸುವ ಕೈ ಏನನ್ನು ಹೇಳುತ್ತಿದೆಯೆಂದು ನಾನು ಬಹುಕಾಲ ಯೋಚಿಸಿದ್ದೇನೆ. ಅದು ಬರಿಯ ಕೃತಜ್ಞತೆಯೆ? ಕೃತಜ್ಞತೆಗೆ ಒಂದು ಶಿಲಾಫಲಕ ಸಾಲುತ್ತಿತ್ತು. ವರ್ಷಕ್ಕೊಮ್ಮೆ ಒಂದು ಭಾಷಣ ಸಾಲುತ್ತಿತ್ತು. ದೀಪ ಹಚ್ಚುವವಳು ಫಲಕಕ್ಕಿಂತ ಹೆಚ್ಚಿನದೊಂದನ್ನು ಬೇಡುತ್ತಿದ್ದಾಳೆ: ಇಂಥ ಮನುಷ್ಯನ ಕತೆ ಆ ಕಾಡಿನಲ್ಲಿ, ಆ ಕತ್ತಿಯ ಏಟಿನಲ್ಲಿ ಮುಗಿದುಹೋಗಿರಲಾರದು, ಮುಗಿಯಬಾರದು ಎಂದು. ಮಡಿದವನು ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಈ ಮಲೆಸೀಮೆ ಹಲವು ಬಗೆಯಲ್ಲಿ ಉತ್ತರ ಕೊಟ್ಟಿದೆ. ಇದೇ ಬೆಟ್ಟಗಳ ಇನ್ನೊಂದು ಮಗ್ಗುಲಲ್ಲಿ, ಮಾರ್ಟಳ್ಳಿ, ಸಂದನಪಾಳ್ಯದಂಥ ಊರುಗಳಲ್ಲಿ, ರಾಗಿ ಬಿತ್ತಿ ಮಳೆಗೆ ಕಾಯುವ ಕ್ರೈಸ್ತರಿದ್ದಾರೆ. ಅವರದೂ ಒಂದು ಉತ್ತರವುಂಟು. ನಾನು ಆ ಉತ್ತರವನ್ನು ನಂಬಿದವನು. ಅದನ್ನು ನೆರೆಯವರ ಉತ್ತರಗಳ ನಡುವೆ ನಿಂತು, ಅವುಗಳ ಮುಖ ನೋಡುತ್ತಲೇ ಹೇಳಿಕೊಳ್ಳಬೇಕೆಂಬುದು ನನ್ನ ಆಸೆ.

ಒಂದು ದಿನವನ್ನು ಮೊದಲು ನೆನೆಯಬೇಕು. 1993ರ ಏಪ್ರಿಲ್ 9ರಂದು, ಗೋಪಿನಾಥಂಗೆ ಹೋಗುವ ಇದೇ ದಾರಿಯ ಪಾಲಾರಿನ ಬಳಿ, ವೀರಪ್ಪನ್ ಹುಗಿದಿಟ್ಟ ಸಿಡಿಮದ್ದಿಗೆ 22 ಜನ ಪ್ರಾಣತೆತ್ತರು. ಆ ವರ್ಷದ ಪಂಚಾಂಗವನ್ನು ತೆರೆದು ನೋಡಿದರೆ ಅದು ಶುಭ ಶುಕ್ರವಾರ. ಮಲೆಯ ಒಂದು ಕಡೆ ಹೆಣಗಳನ್ನು ಒಟ್ಟುಗೂಡಿಸುತ್ತಿದ್ದ ದಿನವೇ ಇನ್ನೊಂದು ಕಡೆ ಭಕ್ತರು ಉಪವಾಸವಿದ್ದು, ಶಿಲುಬೆ ಹಾದಿಯನ್ನು ನಡೆದು, ಮರದ ಶಿಲುಬೆಗೆ ಮುತ್ತಿಡುವ ದಿನವಾಗಿತ್ತು. ಮರುದಿನ ಇರುಳು ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಬಾಗಿಲಾಚೆ ಹೊಸ ಬೆಂಕಿಯನ್ನು ಹೊತ್ತಿಸಿ, ಅದರಿಂದ ದೊಡ್ಡದೊಂದು ಮೇಣದಬತ್ತಿಯನ್ನು ಬೆಳಗಿಸುವುದು ಕಥೋಲಿಕರ ಪದ್ಧತಿ. ಆ ಮೇಣದ ಮೇಲೆ ಗುರುಗಳು ಶಿಲುಬೆಯ ಗುರುತನ್ನು ಕೊರೆಯುತ್ತಾರೆ. ಕ್ರಿಸ್ತನ ಐದು ಗಾಯಗಳ ನೆನಪಿಗೆಂದು ಐದು ಧೂಪದ ಹರಳುಗಳನ್ನು ಊರುತ್ತಾರೆ. ನಡೆಯುತ್ತಿರುವ ವರ್ಷದ ನಾಲ್ಕು ಅಂಕಿಗಳನ್ನೂ ಕೊರೆಯುತ್ತಾರೆ. ಆ ರಾತ್ರಿ ಕೊರೆದ ಅಂಕಿಗಳು ಒಂದು, ಒಂಬತ್ತು, ಒಂಬತ್ತು, ಮೂರು. ಪುನರುತ್ಥಾನವೆಂಬುದು ಕಾಲಾತೀತವಾದ ತತ್ತ್ವವೊಂದರ ಅಲಂಕೃತ ಹೆಸರಾಗಿದ್ದರೆ ವರ್ಷವನ್ನು ಕೊರೆಯುವ ಅಗತ್ಯವೇ ಇರಲಿಲ್ಲ. ಸಿಡಿಮದ್ದು ಸಿಡಿದ ವರ್ಷವೇ, ವಿಧವೆಯರು ಅತ್ತ ವರ್ಷವೇ, ಬೇರೆ ಯಾವುದೂ ಅಲ್ಲದ ಆ ವರ್ಷವೇ ಕ್ರಿಸ್ತನದೆಂದು ಸಾರುವ ಧಾರ್ಷ್ಟ್ಯ ಆ ಮೇಣದಬತ್ತಿಗಿದೆ.

ಈ ನಂಬಿಕೆ ಕನ್ನಡಕ್ಕೆ ಬಂದಾಗ ಬರಿಗೈಯಲ್ಲಿ ಬರಲಿಲ್ಲ, ಬರಿಮನೆಗೂ ಬರಲಿಲ್ಲ. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಸಮಗ್ರ ಬೈಬಲ್ಲು ಕನ್ನಡದಲ್ಲಿ ಹೊರಬಂದಿತು; ಅದಕ್ಕೂ ಸುಮಾರು 180 ವರ್ಷ ಮೊದಲೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ಯುಯಿಟ್ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು ಧರ್ಮೋಪದೇಶದ ಬರಹಕ್ಕೆ ಕೈಹಾಕಿದ್ದರು. ಸತ್ತು ಎದ್ದುದನ್ನು ಹೇಳಲು ನಮ್ಮ ಕ್ರೈಸ್ತರು ಬಳಸುತ್ತ ಬಂದ ಮಾತು ಪುನರುತ್ಥಾನ. ಕಾರ್ತಿಕ ಶುದ್ಧ ದ್ವಾದಶಿಯಂದು, ನಾಲ್ಕು ತಿಂಗಳು ಯೋಗನಿದ್ರೆಯಲ್ಲಿದ್ದ ವಿಷ್ಣು ಏಳುವನೆಂದು ತುಳಸಿಯ ಕಟ್ಟೆಗೆ ನೆಲ್ಲಿಯ ಕೊಂಬೆಯನ್ನು ನೆಟ್ಟು ದೀಪವಿಡುವ ಕನ್ನಡದ ಗೃಹಿಣಿಗೆ ಉತ್ಥಾನವೆಂಬ ಮಾತು ಎಂದೂ ಅಪರಿಚಿತವಲ್ಲ. ಮಲಗಿದ ದೇವರು ಏಳುವುದಕ್ಕೂ ಕೊಲೆಯಾದ ಬಡಗಿಯ ಮಗನು ಏಳುವುದಕ್ಕೂ ಅರ್ಥದಲ್ಲಿ ಬಹಳ ಅಂತರವಿದೆ, ನಿಜ. ಆದರೆ ಏಳುವವನಿಗಾಗಿ ದೀಪ ಹಿಡಿದು ಕಾಯುವ ಆ ಭಾವದಲ್ಲಿ ಅಷ್ಟು ಅಂತರವಿಲ್ಲ. ಹಾಗೆಯೇ ಕ್ರಿಸ್ತನು ಎದ್ದುದನ್ನು ಆಚರಿಸುವ ಪಾಸ್ಕ ಹಬ್ಬಕ್ಕೆ ಮುನ್ನಿನ ತಪಸ್ಸುಕಾಲ ಶುರುವಾಗುವುದು ವಿಭೂತಿ ಬುಧವಾರದಂದು. ಮಣ್ಣಿಗೆ ಮರಳಬೇಕಾದವನು ನೀನು ಎಂದು ನೆನಪಿಸುತ್ತ ಗುರುಗಳು ಹಣೆಗೆ ಬೂದಿಯನ್ನು ಹಚ್ಚಿದಾಗ, ಮಾರ್ಟಳ್ಳಿಯ ಕ್ರೈಸ್ತನ ಹಣೆಯೂ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ನೆರೆಯವನ ಹಣೆಯೂ ಆ ಒಂದು ದಿನಕ್ಕೆ ಒಂದೇ ಬಣ್ಣದವಾಗುತ್ತವೆ.

ಮಾದಪ್ಪನ ವಿಷಯಕ್ಕೆ ಬರುವೆನು; ಈ ಸೀಮೆಯಲ್ಲಿ ಮರಣದ ಮಾತೆತ್ತಿ ಅವನನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಹುಲಿಯನ್ನೇರಿ ಏಳುಮಲೆಗಳನ್ನು ಸುತ್ತಿದ ಮಹದೇಶ್ವರನು ಸತ್ತನೆಂದು ಕಂಸಾಳೆಯವರು ಹಾಡುವುದಿಲ್ಲ. ಅವನು ಮಾಯಕಾರ, ಬೆಟ್ಟದಲ್ಲಿ ಐಕ್ಯನಾಗಿ ಈಗಲೂ ನೆಲೆಸಿದ್ದಾನೆ. ಕೊಳ್ಳೇಗಾಲದ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯ ಇರುಳು ಚಂದ್ರಮಂಡಲ ಹೊತ್ತಿ ಉರಿಯುವಾಗ ನೀಲಗಾರರು ಹಾಡುವ ಸಿದ್ಧಪ್ಪಾಜಿಯೂ ಹಾಗೆಯೇ; ಹಲಗೂರಿನ ಪಾಂಚಾಳರು ಕೊಟ್ಟ ವಿಷವನ್ನು ಕುಡಿದೂ ಉಳಿದವನು ಅವನು, ಗದ್ದುಗೆಯಲ್ಲಿ ಕುಳಿತವನು. ಗದ್ದುಗೆಯೆಂಬುದು ಎಷ್ಟು ಧೀರವಾದ ಕಲ್ಪನೆ! ಗುರು ಮಣ್ಣಿನೊಳಗೆ ಹೋಗುವುದು ಹೆಣವಾಗಿ ಅಲ್ಲ, ಪದ್ಮಾಸನದಲ್ಲಿ ಕುಳಿತು, ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು. ಮಣ್ಣು ಅವನನ್ನು ನುಂಗದೆ ಅವನಿಗೆ ಪೀಠವಾಗುತ್ತದೆ. ಅತ್ತ ಬಿಳಿಗಿರಿರಂಗನ ಕಾಡಿನ ಸೋಲಿಗರು ತಮ್ಮ ಹಿರಿಯರನ್ನು ಕಲ್ಲುಗುಡಿಯಲ್ಲಿ ನೆನೆಯುತ್ತಾರೆ. ಅವರಿಗೆ ದೇವರು, ಮಾರಮ್ಮ, ಬೀರು, ಅಬ್ಬಿಗಳಂತೆ ಕಲ್ಲುಗುಡಿಯೂ ಕಾಡಿನ ಪವಿತ್ರ ತಾಣ, ಆದ್ದರಿಂದ ಅವರ ಸತ್ತವರು ಕಾಡನ್ನು ಬಿಟ್ಟುಹೋದವರಲ್ಲ. ಈ ಮಣ್ಣಿನಲ್ಲಿ ಯಾರೂ ಮರಣವನ್ನು ಕೊನೆಯ ಮಾತೆಂದು ಒಪ್ಪಿ ಸುಮ್ಮನೆ ಕುಳಿತಿಲ್ಲ. ಇದನ್ನು ತಿಳಿಯದೆ ಬಂದು, ಕತ್ತಲೆಯಲ್ಲಿದ್ದವರಿಗೆ ತಾನೇ ಮೊದಲ ಬೆಳಕನ್ನು ತಂದೆನೆಂದು ಬಗೆಯುವ ಉಪದೇಶಕನು ತನ್ನ ಕರ್ತನಿಗೂ ಅಪಚಾರ ಮಾಡುತ್ತಾನೆ, ನೆರೆಯವನಿಗೂ ಅಪಚಾರ ಮಾಡುತ್ತಾನೆ.

ಸತ್ತವರು ಏಳುವ ಕತೆಯೂ ಈ ನಾಡಿಗೆ ಹೊಸದಲ್ಲ. ಯಳಂದೂರಿನ ಮಠದಲ್ಲಿದ್ದ ಷಡಕ್ಷರದೇವನು 17ನೆಯ ಶತಮಾನದಲ್ಲಿ ಬರೆದ ರಾಜಶೇಖರವಿಳಾಸವನ್ನು ಓದಿದವರಿಗೆ ತಿರುಕೊಳವಿನಾಚಿಯ ಗೋಳು ಮರೆಯುವಂಥದಲ್ಲ. ಅರಸುಮಗನ ಕಡೆಯ ಕುದುರೆಯ ತುಳಿತಕ್ಕೆ ಸಿಕ್ಕಿ ಸತ್ತ ತನ್ನ ಎಳೆಯ ಕಂದನನ್ನು ಮಡಿಲಲ್ಲಿಟ್ಟುಕೊಂಡು ಆ ತಾಯಿ ಪ್ರಲಾಪಿಸುತ್ತಾಳೆ. ನ್ಯಾಯವನ್ನು ಬೇಡಿದಾಗ ಅರಸನು ತನ್ನ ಮಗನನ್ನೇ ಮರಣದಂಡನೆಗೆ ಒಪ್ಪಿಸುತ್ತಾನೆ. ಸಾವಿನ ಮೇಲೆ ಸಾವು ಬೆಳೆಯುತ್ತಿರಲು ಕೊನೆಗೆ ಶಿವನು ಪ್ರತ್ಯಕ್ಷನಾಗಿ ಮಡಿದವರನ್ನು ಎಬ್ಬಿಸುತ್ತಾನೆ. ಕವಿ ಕಂಡುಕೊಂಡದ್ದು ಎಷ್ಟು ಗಹನವಾದುದೆಂದರೆ, ಸತ್ತ ಮಗುವಿಗೆ ರಾಜನ್ಯಾಯ ಸಾಲದು. ಕೊಂದವನನ್ನು ಕೊಲ್ಲಿಸಿದರೆ ಲೆಕ್ಕ ಸರಿಹೋದೀತು, ಮಡಿಲು ತುಂಬದು. ಮಗುವೇ ಮರಳಿ ಬರಬೇಕು. ಬೇರೊಂದು ಮಗುವಲ್ಲ, ಆ ಮಗುವೇ, ಆ ಮುಖವೇ. ಕ್ರೈಸ್ತನ ನಿರೀಕ್ಷೆಯ ತಾಯಿಬೇರು ಯಾವುದೆಂದು ಕೇಳುವ ಕನ್ನಡಿಗನಿಗೆ ನಾನು ಈ ತಾಯಿಯನ್ನೇ ಮೊದಲು ತೋರಿಸುವೆನು.

ಏಕೆಂದರೆ ಯೆಹೂದ್ಯರಲ್ಲಿ ಈ ನಿರೀಕ್ಷೆ ಸ್ಪಷ್ಟವಾಗಿ ಮೂಡಿದ್ದು ತತ್ತ್ವಜಿಜ್ಞಾಸೆಯ ನಡುವೆ ಅಲ್ಲ, ಇಂಥ ಗೋಳಿನ ನಡುವೆಯೇ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಅಂತಿಯೋಕನೆಂಬ ಅರಸನು ಅವರ ಧರ್ಮವನ್ನು ಅಳಿಸಹೊರಟಾಗ, ಒಬ್ಬ ತಾಯಿಯ ಕಣ್ಣೆದುರಿಗೆ ಅವಳ ಏಳು ಮಕ್ಕಳನ್ನು ಚಿತ್ರಹಿಂಸೆ ಮಾಡಿ ಕೊಂದ ವೃತ್ತಾಂತ ಮಕ್ಕಾಬಿಯರ ಎರಡನೆಯ ಗ್ರಂಥದಲ್ಲಿದೆ. ಮೂರನೆಯವನು ಕತ್ತರಿಸುವವರ ಮುಂದೆ ತನ್ನ ನಾಲಗೆಯನ್ನೂ ಕೈಗಳನ್ನೂ ತಾನಾಗಿ ಚಾಚಿ, ಕೊಟ್ಟ ದೇವರಿಂದಲೇ ಇವನ್ನು ಮರಳಿ ಪಡೆಯುವೆನೆಂದು ಹೇಳಿದನಂತೆ. ಆತ್ಮ ನಿತ್ಯವೆಂಬ ಸಮಾಧಾನವನ್ನು ಅವನು ಬಯಸಲಿಲ್ಲ, ಕೈಗಳನ್ನು ಬಯಸಿದನು. ಕ್ರೈಸ್ತರು ತಮ್ಮ ವಿಶ್ವಾಸಪ್ರಮಾಣದಲ್ಲಿ ಶರೀರದ ಪುನರುತ್ಥಾನವನ್ನು ಹೇಳಿಕೊಳ್ಳುವಾಗ ಆ ಶರೀರವೆಂಬ ಮಾತು ಅನೇಕ ಭಾರತೀಯ ಕಿವಿಗಳಿಗೆ ಒರಟಾಗಿ ಕೇಳುತ್ತದೆ. ಹರಿದ ಬಟ್ಟೆಯನ್ನು ಮರಳಿ ಹೊಲಿದು ಉಡಿಸುವ ದೇವರು ಎಂಥ ದೇವರು ಎಂದು ವಿನಯದಿಂದಲೇ ಕೇಳಿದ ಮಿತ್ರರು ನನಗಿದ್ದಾರೆ. ಈ ಒರಟುತನ ಇಂದಿನದಲ್ಲ. ಅಥೇನೆಯ ಅರಿಯೊಪಾಗದಲ್ಲಿ ಪೌಲನು ಸೃಷ್ಟಿಕರ್ತನಾದ ಒಬ್ಬನೇ ದೇವರ ವಿಷಯವನ್ನು ಮಾತಾಡುತ್ತಿರುವವರೆಗೆ ಪಂಡಿತರು ಆಲಿಸಿದರು. ಸತ್ತವನೊಬ್ಬನು ಎದ್ದನೆಂಬ ಮಾತು ಬಂದೊಡನೆ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳೋಣವೆಂದರು. ಪೌಲನು ತನ್ನ ಮಾತನ್ನು ಮೃದುಗೊಳಿಸಿ ಅವರಿಗೆ ಒಪ್ಪುವಂತೆ ತಿದ್ದಿಕೊಳ್ಳಲಿಲ್ಲ. ಆದರೆ ನಕ್ಕವರ ಮೇಲೆ ಅವನು ಕೋಪಗೊಂಡನೆಂದೂ ಅಲ್ಲಿ ಬರೆದಿಲ್ಲ. ಅವರ ನಡುವಿನಿಂದ ಹೊರಟುಹೋದನು, ಅಷ್ಟೆ.

ಅದೇ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಯಾವ ಶರೀರದಿಂದ ಏಳುವರೆಂಬ ಪ್ರಶ್ನೆಗೆ ಬಿತ್ತನೆಯ ಕಾಳನ್ನು ತೋರಿಸುತ್ತಾನೆ. ನಮ್ಮ ಒಣಭೂಮಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆಯಿಂದ ಮಣ್ಣಿಗೆ ಬಿದ್ದ ರಾಗಿಯ ಕಾಳು ಸಾಸಿವೆಗಿಂತ ದೊಡ್ಡದಲ್ಲ. ಮೇಲೆದ್ದು ಬರುವ ತೆನೆಗೂ ಆ ಕಾಳಿಗೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ, ಆದರೂ ಅದು ರಾಗಿಯೇ, ಬಿತ್ತಿದ್ದೇ, ಇನ್ನೊಂದಲ್ಲ. ಕೊಳೆತ ದೇಹವನ್ನು ಕೂಡಿಸಿ ನಿಲ್ಲಿಸುವುದನ್ನು ಕ್ರೈಸ್ತನು ನಂಬುವುದಿಲ್ಲ. ಷಡಕ್ಷರಿಯ ಕತೆಯಲ್ಲಿ ಎದ್ದ ಮಗುವೂ, ಯೇಸು ಕರೆದಾಗ ಗುಹೆಯಿಂದ ಹೊರಬಂದ ಲಾಜರನೂ ಮತ್ತೊಂದು ದಿನ ಸಾಯಲೇಬೇಕಾದವರು. ಕ್ರಿಸ್ತನು ಹಾಗೆ ಹಿಂದಕ್ಕೆ ಬಂದವನಲ್ಲ, ಸಾವಿನ ಆಚೆಯ ದಡಕ್ಕೆ ಹಾದುಹೋದವನು. ಅವನ ಸಮಾಧಿಯನ್ನು ನೋಡಲು ನಸುಕಿನಲ್ಲಿ ಸುಗಂಧದ್ರವ್ಯಗಳೊಡನೆ ಬಂದ ಹೆಂಗಸರಿಗೆ ಅಲ್ಲಿ ಗದ್ದುಗೆ ದೊರೆಯಲಿಲ್ಲ, ಬರಿದಾದ ಜಾಗ ದೊರೆಯಿತು. ಗದ್ದುಗೆಯ ಮುಂದೆ ಕುಳಿತ ಭಕ್ತನಿಗೆ ಗುರು ಇಲ್ಲೇ ಇದ್ದಾನೆಂಬ ನೆಮ್ಮದಿಯುಂಟು. ಬರಿದಾದ ಸಮಾಧಿಯ ಮುಂದೆ ನಿಂತವನಿಗೆ ಆ ನೆಮ್ಮದಿ ಒಮ್ಮೆಗೇ ದೊರೆಯದು; ಅವನು ಇಲ್ಲಿಲ್ಲ, ನಿಮಗಿಂತ ಮುಂದಾಗಿ ಹೋಗಿದ್ದಾನೆ, ಎದ್ದು ನಡೆಯಿರಿ ಎಂಬ ಆಜ್ಞೆಯಷ್ಟೇ ಅಲ್ಲಿ ದೊರೆತದ್ದು.

ಈ ನಂಬಿಕೆ ನಮ್ಮ ಹನೂರು ಸೀಮೆಯಲ್ಲಿ ಕಠಿನವಾಗಿ ಪರೀಕ್ಷೆಗೊಳಗಾದ ದಿನ 2018ರ ಡಿಸೆಂಬರ್ 14. ಮಾರ್ಟಳ್ಳಿಗೆ ಸಮೀಪದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಭಕ್ತರಿಗೆ ಹಂಚಿದ ಪ್ರಸಾದದಲ್ಲಿ ಕ್ರಿಮಿನಾಶಕವನ್ನು ಬೆರೆಸಲಾಗಿತ್ತು. 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗಳಲ್ಲಿ ನರಳಿದರು. ಕೂಲಿ ಮಾಡಿ ಉಣ್ಣುವವರು ಅಂದು ದೇವಿಯ ಎದುರು ಕೈಯೊಡ್ಡಿ ತೆಗೆದುಕೊಂಡದ್ದು ತುತ್ತು ಅನ್ನ. ವಾಂತಿ ಮಾಡಿಕೊಳ್ಳುತ್ತ ಬಿದ್ದವರಲ್ಲಿ ಹಲವರನ್ನು ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ ಒಯ್ದರು. ಶಿಲುಬೆಯ ಹೆಸರು ಹೊತ್ತ ಆ ಅಂಗಳದಲ್ಲಿ ಮಾರಮ್ಮನ ಭಕ್ತರಿಗೆ ಕನ್ಯಾಸ್ತ್ರೀಯರ ಆಸ್ಪತ್ರೆ ಉಪಚಾರ ಮಾಡಿತು. ಕ್ರೈಸ್ತನಿಗೆ ಈ ದುರಂತ ಇನ್ನೊಬ್ಬರ ಗುಡಿಯ ದುರಂತವಾಗಿ ಉಳಿಯಲಾರದು. ಪೀಠದ ಎದುರು ಅಂಗೈಯೊಡ್ಡಿ ರೊಟ್ಟಿಯನ್ನು ಪ್ರಸಾದವಾಗಿ ಸ್ವೀಕರಿಸಿ ಅದರಲ್ಲಿ ಜೀವವಿದೆಯೆಂದು ನಂಬುವವನಿಗೆ, ಪ್ರಸಾದವನ್ನು ವಿಷ ಮಾಡುವುದೆಂದರೇನೆಂದು ಹೊಟ್ಟೆಯಲ್ಲೇ ಅರ್ಥವಾಗುತ್ತದೆ. ಆ ದಿನ ಸತ್ತವರ ಮನೆಗಳಿಗೆ ಹೋದಾಗ ನನ್ನ ಬಾಯಿಂದ ಪುನರುತ್ಥಾನವೆಂಬ ಮಾತು ಹೊರಡಲಿಲ್ಲ, ಹೊರಡಿಸಬಾರದೆಂದೂ ತಿಳಿದೆ. ಅಳುವವರ ಮುಂದೆ ತನ್ನ ನಿರೀಕ್ಷೆಯನ್ನು ಸರಕಿನಂತೆ ಬಿಚ್ಚಿಡುವವನು ಅದನ್ನು ಇನ್ನೂ ಪಡೆದಿಲ್ಲ. ಲಾಜರನ ಸಮಾಧಿಯ ಬಳಿ, ತಾನೇ ಅವನನ್ನು ಎಬ್ಬಿಸಲಿರುವಾಗಲೂ, ಕ್ರಿಸ್ತನು ಮೊದಲು ಮಾಡಿದ್ದು ಅತ್ತದ್ದು.

ಮನಸ್ಸಿನೊಳಗೆ ಮಾತ್ರ ಆ ಮಾತು ಸುಮ್ಮನಿರಲಿಲ್ಲ. ಕರ್ಮಸಿದ್ಧಾಂತವನ್ನು ನಂಬಿದ ನೆರೆಯವನು ಈ ಸಾವುಗಳಿಗೆ ಹಿಂದಿನ ಜನ್ಮದಲ್ಲಿ ಕಾರಣವನ್ನೋ ಮುಂದಿನ ಜನ್ಮದಲ್ಲಿ ಪರಿಹಾರವನ್ನೋ ಕಾಣಬಹುದು. ಲೋಕಕ್ಕೊಂದು ನೀತಿಯಿದೆ, ಏನೂ ವ್ಯರ್ಥವಾಗದು ಎಂಬ ಅವನ ದೃಢತೆಯನ್ನು ನಾನು ಗೌರವಿಸುತ್ತೇನೆ. ಕಿಯಾಮತ್ತಿನ ದಿನವನ್ನು ನಂಬಿದ ಕೊಳ್ಳೇಗಾಲದ ಮುಸಲ್ಮಾನನೂ ನಾನೂ, ಸತ್ತವರು ಎದ್ದು ನ್ಯಾಯಾಸನದ ಮುಂದೆ ನಿಲ್ಲುವರೆಂಬಲ್ಲಿಯವರೆಗೆ ಒಟ್ಟಿಗೆ ನಡೆಯುತ್ತೇವೆ. ಶಿಲುಬೆಯ ಬಳಿ ನಮ್ಮ ದಾರಿಗಳು ಕವಲೊಡೆಯುತ್ತವೆ. ನಾನು ಬಿಡಲಾರದೆ ಹಿಡಿದಿರುವುದು ಒಂದೇ ಸಂಗತಿಯನ್ನು: ಎದ್ದ ಕ್ರಿಸ್ತನ ಕೈಗಳಲ್ಲಿ ಮೊಳೆಯ ಗಾಯಗಳು ಮಾಯದೆ ಇದ್ದವು. ಮುಟ್ಟಿ ನೋಡದೆ ನಂಬೆನೆಂದ ತೋಮನಿಗೆ ತೋರಿಸಿದ್ದು ಅವನ್ನೇ; ಆ ತೋಮನೇ ನಮ್ಮ ದೇಶಕ್ಕೆ ಬಂದು ಮೈಲಾಪುರದಲ್ಲಿ ಮಡಿದನೆಂಬ ಪರಂಪರೆ ದಕ್ಷಿಣದ ಕ್ರೈಸ್ತರದು, ಹೀಗಾಗಿ ನಮ್ಮ ಪಾಲಿನ ಅಪೊಸ್ತಲನು ಮೊದಲು ಸಂಶಯಪಟ್ಟವನೇ. ದೇವರು ಎಬ್ಬಿಸುವಾಗ ನಡೆದದ್ದನ್ನು ನಡೆಯಲಿಲ್ಲವೆಂಬಂತೆ ಅಳಿಸಿಹಾಕುವುದಿಲ್ಲ. ಸುಳ್ವಾಡಿಯ ಹದಿನೇಳು ಜನಕ್ಕೆ ಆದದ್ದು ಆಗಿಯೇ ಇದೆ. ಆದರೂ ಅವರು ಅದರ ಕೈಯಲ್ಲಿ ಉಳಿಯುವುದಿಲ್ಲ.

ಹಾಗಾದರೆ ಕೊಂದವರು? ಇಲ್ಲಿಗೆ ಬಂದಾಗ ನನ್ನ ಲೇಖನಿ ಹಲವು ಸಲ ನಿಂತಿದೆ. ವೀರಪ್ಪನ್ 2004ರ ಅಕ್ಟೋಬರ್ 18ರಂದು ಗುಂಡಿಗೆ ಬಲಿಯಾದನು. ಮೇಟೂರಿನ ಬಳಿಯ ಮೂಲಕ್ಕಾಡಿನಲ್ಲಿ ಅವನ ಗೋರಿಯಿದೆ, ಅಲ್ಲಿಗೂ ಹೂ ತರುವವರಿದ್ದಾರೆ. ಸರ್ವರೂ ಏಳುವರೆಂದು ನಂಬುವವನು, ಕೊಂದವನನ್ನೂ ಕೊಲ್ಲಲ್ಪಟ್ಟವನನ್ನೂ ಒಬ್ಬರ ಎದುರಿಗೊಬ್ಬರನ್ನು ನಿಲ್ಲಿಸುವ ದಿನವೊಂದನ್ನು ನಂಬಲೇಬೇಕು. ಆ ದಿನದ ತೀರ್ಪು ಏನೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಕಾಡಿನಲ್ಲಿ ಒಬ್ಬ ಮನುಷ್ಯನು, ಕ್ರೈಸ್ತನಲ್ಲದವನು, ಮಾರಿಯಮ್ಮನಿಗೆ ಗುಡಿ ಕಟ್ಟಿಸಿದವನು, ಕೊಲೆಗಡುಕನೂ ಬೇರೆಯವನಾದಾನೆಂಬ ನಿರೀಕ್ಷೆಯ ಮೇಲೆ ತನ್ನ ಪ್ರಾಣವನ್ನೇ ಇಟ್ಟು ಹೋದನು. ಅವನ ನಿರೀಕ್ಷೆ ಮೋಸಹೋಯಿತೆಂದು ಲೋಕದ ತೀರ್ಪು. ಅದು ವ್ಯರ್ಥವಾಯಿತೆಂದು ನಾನು ಒಪ್ಪಿದರೆ, ಶುಕ್ರವಾರ ಸತ್ತ ನನ್ನ ಕರ್ತನ ನಿರೀಕ್ಷೆಯೂ ವ್ಯರ್ಥವೆಂದು ಒಪ್ಪಬೇಕಾಗುತ್ತದೆ. ಅವನೂ ತನ್ನನ್ನು ಕೊಲ್ಲುತ್ತಿದ್ದವರ ವಿಷಯದಲ್ಲಿ ಅಂಥದನ್ನೇ ಬೇಡಿ ಸತ್ತವನು.

ಕ್ರೈಸ್ತನಲ್ಲದವನ ನಿರೀಕ್ಷೆಯೂ ವ್ಯರ್ಥವಲ್ಲವೆಂಬ ಈ ಮಾತನ್ನು ಕಥೋಲಿಕ ಸಭೆ 1965ರಲ್ಲಿ ತನ್ನ ಅಧಿಕೃತ ವಾಣಿಯಲ್ಲಿಯೇ ಹೇಳಿತು. ಆ ವರ್ಷದ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಸಾರಿತು. ಡಿಸೆಂಬರ್ 7ರಂದು ಹೊರಬಂದ ಇನ್ನೊಂದು ಶಾಸನದಲ್ಲಿ, ಕ್ರಿಸ್ತನ ಮರಣ ಪುನರುತ್ಥಾನಗಳ ರಹಸ್ಯದಲ್ಲಿ ಸೇರುವ ಅವಕಾಶವನ್ನು ಪವಿತ್ರಾತ್ಮನು ದೇವರಿಗೆ ಮಾತ್ರ ತಿಳಿದ ರೀತಿಯಲ್ಲಿ ಎಲ್ಲರಿಗೂ ನೀಡುತ್ತಾನೆಂದು ಹೇಳಿತು. ಇದರಿಂದ ಸುವಾರ್ತೆಯ ಮೊನಚು ಮೊಂಡಾಯಿತೆಂದು ಕೊರಗುವ ಕ್ರೈಸ್ತರುಂಟು. ಮತ್ತೊಂದು ತುದಿಯಲ್ಲಿ, ಎಲ್ಲ ಧರ್ಮಗಳೂ ಹೇಳುವುದೊಂದೇ, ಪುನರುತ್ಥಾನವೆಂದರೆ ವಸಂತದ ಚಿಗುರಿಗೆ ಇನ್ನೊಂದು ಹೆಸರು ಎಂದು ನುಣುಚಿಕೊಳ್ಳುವ ಸುಶಿಕ್ಷಿತರೂ ಉಂಟು. ಇಬ್ಬರ ಮಾತೂ ನನಗೆ ಒಪ್ಪಿಗೆಯಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ಗೊಲ್ಗೊಥಾ ಬರೆದದ್ದು ಕ್ರೈಸ್ತರಾಗಿ ಅಲ್ಲ, ಆದರೂ ಆ ಶಿಲುಬೆಯ ಮುಂದೆ ಅವರು ನಿಂತ ನಿಲುವಿನಲ್ಲಿ ಅರೆಮನಸ್ಸಿರಲಿಲ್ಲ. ಅವರು ನಮ್ಮ ಶುಕ್ರವಾರವನ್ನು ಅಷ್ಟು ಶ್ರದ್ಧೆಯಿಂದ ನೋಡಬಲ್ಲವರಾಗಿದ್ದರೆ, ನಾವು ನಮ್ಮ ಭಾನುವಾರವನ್ನು ನೆರೆಯವರ ಎದುರು ತೇಲಿಸಿ ಹೇಳುವುದೂ ಸಲ್ಲದು, ಅವರ ಮೇಲೆ ಎಸೆಯುವುದೂ ಸಲ್ಲದು.

ನವೆಂಬರ್ 2 ಸಕಲ ಆತ್ಮಗಳ ದಿನ. ಅಂದು ನಮ್ಮ ಊರುಗಳಲ್ಲಿ ಸಮಾಧಿಗಳ ಹುಲ್ಲನ್ನು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಸಂಜೆಗೆ ಒಂದೊಂದು ಗೋರಿಯ ಮೇಲೂ ಮೇಣದಬತ್ತಿ ಹಚ್ಚುತ್ತಾರೆ. ತಿಂಗಳು ಪೂರ್ತಿ ಸತ್ತವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಬಲಿಪೂಜೆಯ ಒಂದು ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸ ದೇವರಿಗೆ ಮಾತ್ರ ಗೊತ್ತೋ ಅಂಥ ಮೃತರನ್ನೂ ನೆನೆಯುವ ವಿಧಿಯಿದೆ. ಸಕಲ ಆತ್ಮಗಳ ದಿನವಾದ ಎಂಟನೆಯ ದಿನ ನವೆಂಬರ್ 10, ಶ್ರೀನಿವಾಸರು ಮಡಿದ ದಿನ. ಮಾರ್ಟಳ್ಳಿಯ, ಸಂದನಪಾಳ್ಯದ, ಕೊಳ್ಳೇಗಾಲದ ನನ್ನ ಕ್ರೈಸ್ತ ಬಂಧುಗಳೇ, ಈ ಸಲ ಸಮಾಧಿಭೂಮಿಯಿಂದ ಮರಳುವಾಗ ಒಂದು ಮೇಣದಬತ್ತಿಯನ್ನು ಉಳಿಸಿಕೊಳ್ಳಿರಿ. ಹತ್ತನೆಯ ತಾರೀಖಿನ ಸಂಜೆ ಗೋಪಿನಾಥಂನ ಗುಡಿಯಲ್ಲಿ ಆ ಭಾವಚಿತ್ರದ ಮುಂದೆ ದೀಪ ಹೊತ್ತುವ ಹೊತ್ತಿಗೆ, ನಿಮ್ಮ ಮನೆಯ ಶಿಲುಬೆಯ ಕೆಳಗೆ ಅದನ್ನು ಹಚ್ಚಿ, ಶ್ರೀನಿವಾಸರ ಹೆಸರನ್ನು ಹೇಳಿ ಪ್ರಾರ್ಥಿಸಿರಿ.